ರಿವರ್ಸ್ ಪ್ರಾಕ್ಸಿಯ ಹಿಂದಿರುವ ಅಡ್ಮಿನ್ ಕನ್ಸೋಲ್‌ಗಳನ್ನು ಭದ್ರಪಡಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಅಡ್ಮಿನ್ ಕನ್ಸೋಲ್, ಅಂದರೆ ಅಪ್ಲಿಕೇಶನ್ನನ್ನು ನಿರ್ವಹಿಸುವ ಆಡಳಿತ ಪುಟ, ಪರರ ಕೈಸೇರಿದರೆ ಅಪ್ಲಿಕೇಶನ್ನಿನ ಉಳಿದ ಭದ್ರತೆಗೆಲ್ಲ ಅರ್ಥ ಉಳಿಯುವುದಿಲ್ಲ. ಜಾವಾ ಸರ್ವರ್ ಆದ ಟಾಮ್‌ಕ್ಯಾಟ್‌ನ ಮ್ಯಾನೇಜರ್‌ನೊಳಗೆ ಹೊಕ್ಕವರು ತಮ್ಮದೇ ವಾರ್ ಫೈಲ್ (ಜಾವಾ ಅಪ್ಲಿಕೇಶನ್ನಿನ ಕಟ್ಟು) ಏರಿಸಿ ಸರ್ವರ್ ಮೇಲೆ ಬೇಕಾದ ಕೋಡ್ ಓಡಿಸಬಹುದು. ಜೆಂಕಿನ್ಸ್‌ನ ಸ್ಕ್ರಿಪ್ಟ್ ಕನ್ಸೋಲ್ ಗ್ರೂವಿ ಕೋಡನ್ನು ನೇರವಾಗಿಯೇ ನಡೆಸಿಕೊಡುತ್ತದೆ. ವರ್ಡ್‌ಪ್ರೆಸ್‌ನ ಅಡ್ಮಿನ್ ಖಾತೆ ಸಿಕ್ಕವರು ಪ್ಲಗಿನ್ ರೂಪದಲ್ಲಿ ಪಿಎಚ್‌ಪಿ ಕೋಡ್ ಸೇರಿಸಬಲ್ಲರು. ಈ ಕಾರಣಕ್ಕೇ ಇಂಥ ಕನ್ಸೋಲ್‌ಗಳನ್ನು ಇಂಟರ್‌ನೆಟ್‌ಗೆ ನೇರವಾಗಿ ತೆರೆದಿಡದೆ, ಎಂಜಿನ್‌ಎಕ್ಸ್, ಅಪಾಚೆ, ಎಚ್‌ಎಪ್ರಾಕ್ಸಿಗಳಂಥ ರಿವರ್ಸ್ ಪ್ರಾಕ್ಸಿಯೊಂದನ್ನು, ಅಂದರೆ ಹೊರಗಿನ ವಿನಂತಿಗಳನ್ನು ಮೊದಲು ತಾನು ಪಡೆದು ಹಿಂದಿನ ಅಪ್ಲಿಕೇಶನ್ನಿಗೆ ದಾಟಿಸುವ ಸರ್ವರನ್ನು, ಮುಂದೆ ನಿಲ್ಲಿಸುವುದು ರೂಢಿ.

ಆದರೆ ಪ್ರಾಕ್ಸಿಯನ್ನು ನಿಲ್ಲಿಸಿದ ಮಾತ್ರಕ್ಕೆ ಕಾವಲು ಬಿಗಿಯಾಗುವುದಿಲ್ಲ. ಅದಕ್ಕೆ ಮೂರು ಸಂಗತಿಗಳು ಒಟ್ಟಿಗೆ ನಿಜವಾಗಿರಬೇಕು: ಪ್ರಾಕ್ಸಿಯ ಕಣ್ಣು ತಪ್ಪಿಸಿ ಒಳಹೋಗುವ ಬೇರೆ ದಾರಿ ಇರಬಾರದು, ಒಂದು ವಿನಂತಿಯನ್ನು ಪ್ರಾಕ್ಸಿ ಹೇಗೆ ಓದುತ್ತದೆಯೋ ಹಿಂದಿನ ಅಪ್ಲಿಕೇಶನ್ ಕೂಡ ಹಾಗೆಯೇ ಓದಬೇಕು, ಬಂದವರು ಯಾರೆಂಬ ಮಾಹಿತಿ ಅಪ್ಲಿಕೇಶನ್ನಿಗೆ ತಲುಪುವಷ್ಟರಲ್ಲಿ ಕಳೆದುಹೋಗಿರಬಾರದು, ಬದಲಾಗಿಯೂ ಇರಬಾರದು. ಎರಡನೆಯದೂ ಮೂರನೆಯದೂ ಕೆಟ್ಟಾಗ ಹೊರನೋಟಕ್ಕೆ ಏನೂ ಕಾಣಿಸುವುದಿಲ್ಲ; ಸೈಟು ಸರಿಯಾಗಿಯೇ ಓಡುತ್ತಿರುತ್ತದೆ. ಹಾಗಾಗಿ ಈ ಮಾರ್ಗದರ್ಶಿ ಆ ಎರಡರ ಬಗ್ಗೆ ಹೆಚ್ಚು ಹೊತ್ತು ನಿಲ್ಲುತ್ತದೆ. ಉದಾಹರಣೆಗಳು ಎಂಜಿನ್‌ಎಕ್ಸ್‌ನವು, ಬೇರೆ ಪ್ರಾಕ್ಸಿಗಳಲ್ಲಿ ನಿರ್ದೇಶನಗಳ (ಕಾನ್ಫಿಗರೇಶನ್ ಸಾಲುಗಳ) ಹೆಸರು ಬೇರೆಯಾದರೂ ತರ್ಕ ಒಂದೇ.

ಹಂತ 1: ಯಾವ ಯಾವ ಬಾಗಿಲುಗಳಿವೆ ಎಂದು ಪಟ್ಟಿ ಮಾಡುವುದು

‘ಸ್ಲ್ಯಾಶ್ ಅಡ್ಮಿನ್’ ಎಂಬ ಒಂದು ಪುಟವಷ್ಟೇ ಕನ್ಸೋಲ್ ಅಲ್ಲ. ಅಪ್ಲಿಕೇಶನ್ನಿನ ನಡವಳಿಕೆಯನ್ನು ಬದಲಿಸಬಲ್ಲ, ಅಥವಾ ಅದರ ಒಳಗುಟ್ಟನ್ನು ತೋರಿಸಬಲ್ಲ ಪ್ರತಿಯೊಂದು ವಿಳಾಸವೂ ಈ ಪಟ್ಟಿಗೆ ಸೇರಬೇಕು. ಸ್ಪ್ರಿಂಗ್ ಬೂಟ್‌ನ ಆಕ್ಚುಯೇಟರ್ ಇದಕ್ಕೆ ಒಳ್ಳೆಯ ನಿದರ್ಶನ: ಅದರ ಹೀಪ್‌ಡಂಪ್ ವಿಳಾಸ ತೆರೆದಿದ್ದರೆ ಪ್ರೊಸೆಸ್‌ನ ಮೆಮೊರಿಯಲ್ಲಿರುವ ಪಾಸ್‌ವರ್ಡ್‌ಗಳೂ ಟೋಕನ್‌ಗಳೂ ಒಂದೇ ಫೈಲಿನಲ್ಲಿ ಹೊರಬೀಳುತ್ತವೆ. ರ‍್ಯಾಬಿಟ್‌ಎಂಕ್ಯೂನ 15672ನೇ ಪೋರ್ಟಿನ ಮ್ಯಾನೇಜ್‌ಮೆಂಟ್ ಪುಟ, ಪಿಎಚ್‌ಪಿಮೈಅಡ್ಮಿನ್, ಗ್ರಾಫಾನಾ, ಕ್ಯೂಗಳ ಡ್ಯಾಶ್‌ಬೋರ್ಡ್, ಡೀಬಗ್ ಪುಟಗಳು ಎಲ್ಲವೂ ಇದೇ ಸಾಲಿನವು.

ಒಂದೇ ಕೋಣೆಗೆ ಹಲವು ಬಾಗಿಲುಗಳಿರುವುದನ್ನೂ ಮರೆಯಬಾರದು. ವರ್ಡ್‌ಪ್ರೆಸ್‌ನಲ್ಲಿ ಲಾಗಿನ್ ಪುಟಕ್ಕೆ ಮಾತ್ರ ಬೀಗ ಹಾಕಿ ಸುಮ್ಮನಾಗುವವರು ಬಹಳ. ಅದೇ ಪಾಸ್‌ವರ್ಡನ್ನು ಹೊರಗಿನ ಪ್ರೋಗ್ರಾಮ್‌ಗಳಿಗೆಂದಿರುವ ಎಕ್ಸ್‌ಎಂಎಲ್-ಆರ್‌ಪಿಸಿ ಫೈಲ್ ಕೂಡ ಸ್ವೀಕರಿಸುತ್ತದೆ, 5.6ನೇ ಆವೃತ್ತಿಯಿಂದ ಈಚೆಗೆ ಅಪ್ಲಿಕೇಶನ್ ಪಾಸ್‌ವರ್ಡ್ ಬಳಸಿ ರೆಸ್ಟ್ ಎಪಿಐ ಮೂಲಕವೂ ಆಡಳಿತದ ಕೆಲಸ ಮಾಡಬಹುದು. ಇನ್ನೊಂದೆಡೆ, ಅಡ್ಮಿನ್ ಡೈರೆಕ್ಟರಿಯೊಳಗೇ ಇರುವ ಅಡ್ಮಿನ್-ಅಜಾಕ್ಸ್ ಫೈಲನ್ನು ಸಾರ್ವಜನಿಕ ಪುಟಗಳೂ ಬಳಸುವುದರಿಂದ ಇಡೀ ಡೈರೆಕ್ಟರಿಯನ್ನು ಕುರುಡಾಗಿ ಮುಚ್ಚಿದರೆ ಸೈಟಿನ ಮುಂಭಾಗ ಕೆಡುತ್ತದೆ. ಇಂಥ ವಿವರಗಳನ್ನು ಕಾನ್ಫಿಗರೇಶನ್ ಬರೆಯುವ ಮುಂಚೆಯೇ ತಿಳಿದುಕೊಂಡಿರಬೇಕು. ಪ್ರಾಕ್ಸಿಯಲ್ಲಿ ಈಗಾಗಲೇ ಏನಿದೆ ಎಂದು ನೋಡಲು ಎಂಜಿನ್‌ಎಕ್ಸ್‌ನ ದೊಡ್ಡಕ್ಷರದ ‘-ಟಿ’ ಆಯ್ಕೆ ಅನುಕೂಲ. ಎಲ್ಲ ಫೈಲುಗಳನ್ನೂ ಜೋಡಿಸಿ, ಜಾರಿಗೆ ಬರುವ ಪೂರ್ತಿ ಕಾನ್ಫಿಗರೇಶನ್ನನ್ನು ಅದು ಒಟ್ಟಾಗಿ ಮುದ್ರಿಸುತ್ತದೆ.

ಹಂತ 2: ಪ್ರಾಕ್ಸಿಯನ್ನು ತಪ್ಪಿಸಿ ಬರುವ ದಾರಿಗಳನ್ನು ಮುಚ್ಚುವುದು

ಅಪ್ಲಿಕೇಶನ್ ಸರ್ವರ್‌ನಲ್ಲಿ ‘ಎಸ್‌ಎಸ್ -ಎಲ್‌ಟಿಎನ್‌ಪಿ’ ಆದೇಶ ಕೊಟ್ಟರೆ ಯಾವ ಪ್ರೊಸೆಸ್ ಯಾವ ವಿಳಾಸದಲ್ಲಿ ಕಾಯುತ್ತಿದೆ ಎಂಬುದು ತಿಳಿಯುತ್ತದೆ. ಅಲ್ಲಿ 127.0.0.1:8080 ಎಂದಿದ್ದರೆ ಅದೇ ಯಂತ್ರದೊಳಗಿನಿಂದ ಮಾತ್ರ ಸಂಪರ್ಕ ಸಾಧ್ಯ, 0.0.0.0:8080 ಎಂದೋ [::]:8080 ಎಂದೋ ಇದ್ದರೆ ಆ ಪೋರ್ಟು ಎಲ್ಲ ಜಾಲಗಳಿಗೂ ತೆರೆದಿದೆ ಎಂದರ್ಥ. ಪ್ರಾಕ್ಸಿಯೂ ಅಪ್ಲಿಕೇಶನ್ನೂ ಒಂದೇ ಯಂತ್ರದಲ್ಲಿದ್ದರೆ ಅಪ್ಲಿಕೇಶನ್ನನ್ನು ಲೂಪ್‌ಬ್ಯಾಕ್‌ಗೆ (ಯಂತ್ರದೊಳಗಿನ 127.0.0.1 ವಿಳಾಸಕ್ಕೆ) ಕಟ್ಟಿಹಾಕಿ, ಇಲ್ಲವೇ ಯೂನಿಕ್ಸ್ ಸಾಕೆಟ್ ಬಳಸಿ. ನನ್ನ ಒಲವು ಸಾಕೆಟ್ ಕಡೆಗೆ, ಏಕೆಂದರೆ ಅಲ್ಲಿ ಫೈಲಿನ ಅನುಮತಿಗಳೇ ಯಾರು ಮಾತಾಡಬಹುದು ಎಂಬುದನ್ನು ನಿರ್ಧರಿಸುತ್ತವೆ. ಎರಡೂ ಬೇರೆ ಬೇರೆ ಯಂತ್ರಗಳಲ್ಲಿದ್ದರೆ, ಅಪ್ಲಿಕೇಶನ್ ಯಂತ್ರದ ಫೈರ್‌ವಾಲ್ ಆ ಪೋರ್ಟಿಗೆ ಪ್ರಾಕ್ಸಿಯ ವಿಳಾಸದಿಂದ ಮಾತ್ರ ಸಂಪರ್ಕ ಬಿಡಬೇಕು. ಈ ನಿಯಮವನ್ನು ಐಪಿವಿ4ಕ್ಕೆ ಬರೆದು ಐಪಿವಿ6ಕ್ಕೆ ಬರೆಯದೆ ಬಿಡುವುದು ಸಾಮಾನ್ಯ ಲೋಪ.

ಡಾಕರ್ ಬಳಸುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಕಂಟೇನರ್‌ನ ಪೋರ್ಟನ್ನು 8080:8080 ಎಂದು ಪ್ರಕಟಿಸಿದರೆ ಡಾಕರ್ ತಾನೇ ಐಪಿಟೇಬಲ್ಸ್ (ಲಿನಕ್ಸ್ ಫೈರ್‌ವಾಲ್) ನಿಯಮಗಳನ್ನು ಸೇರಿಸುತ್ತದೆ. ಆ ಸಂಚಾರ ‘ಇನ್‌ಪುಟ್’ ಸರಪಳಿಯ ಮೂಲಕ ಹಾಯದೆ ‘ಫಾರ್ವರ್ಡ್’ ಸರಪಳಿಯ ಮೂಲಕ ಹಾಯುವುದರಿಂದ, ಯುಎಫ್‌ಡಬ್ಲ್ಯೂ ಎಂಬ ಫೈರ್‌ವಾಲ್ ಸಾಧನದಲ್ಲಿ 8080 ಮುಚ್ಚಿದೆ ಎಂದು ತೋರುತ್ತಿದ್ದರೂ ಹೊರಗಿನಿಂದ ಅದು ತೆರೆದೇ ಇರುತ್ತದೆ. ಪೋರ್ಟನ್ನು 127.0.0.1:8080:8080 ಎಂದು ಬರೆದರೆ ಲೂಪ್‌ಬ್ಯಾಕ್‌ಗೆ ಸೀಮಿತವಾಗುತ್ತದೆ. ಪ್ರಾಕ್ಸಿ ಕೂಡ ಕಂಟೇನರ್ ಆಗಿದ್ದರೆ ಪೋರ್ಟನ್ನು ಪ್ರಕಟಿಸುವ ಅಗತ್ಯವೇ ಇಲ್ಲ, ಇಬ್ಬರನ್ನೂ ಒಂದು ಒಳಜಾಲದಲ್ಲಿ ಸೇರಿಸಿದರೆ ಸಾಕು.

ಎಚ್‌ಟಿಟಿಪಿ ಅಲ್ಲದ ಬಾಗಿಲುಗಳೂ ಇರುತ್ತವೆ. 2020ರ ಫೆಬ್ರವರಿಯಲ್ಲಿ ಬೆಳಕಿಗೆ ಬಂದ ‘ಘೋಸ್ಟ್‌ಕ್ಯಾಟ್’ ದೋಷ ಟಾಮ್‌ಕ್ಯಾಟ್‌ನ ಎಜೆಪಿ ಕನೆಕ್ಟರ್‌ಗೆ, ಅಂದರೆ ಪ್ರಾಕ್ಸಿಯೊಡನೆ ಮಾತಾಡಲೆಂದಿರುವ ಬೇರೊಂದು ಬಾಗಿಲಿಗೆ, ಸಂಬಂಧಿಸಿದ್ದು. 8009ನೇ ಪೋರ್ಟಿನ ಆ ಕನೆಕ್ಟರ್ ಆಗ ಡೀಫಾಲ್ಟ್ ಆಗಿ ಎಲ್ಲ ವಿಳಾಸಗಳಲ್ಲೂ ಕಾಯುತ್ತಿತ್ತು, ಎದುರಿಗಿರುವುದು ನಂಬಿಕಸ್ಥ ಪ್ರಾಕ್ಸಿಯೇ ಎಂದು ಭಾವಿಸುತ್ತಿತ್ತು. 9.0.31, 8.5.51, 7.0.100 ಆವೃತ್ತಿಗಳಲ್ಲಿ ಇದನ್ನು ಸರಿಪಡಿಸಲಾಯಿತು. ಎಜೆಪಿ ಬಳಸುತ್ತಿಲ್ಲವಾದರೆ ಅದರ ಸಾಲನ್ನು ಸರ್ವರ್ ಎಕ್ಸ್‌ಎಂಎಲ್ ಫೈಲಿನಿಂದ ತೆಗೆದುಹಾಕಿ.

ಮುಚ್ಚಲು ಕಷ್ಟವಾದ ಅಡ್ಡದಾರಿ ಎಂದರೆ ನಿಮ್ಮದೇ ಅಪ್ಲಿಕೇಶನ್. ಬಳಕೆದಾರ ಕೊಟ್ಟ ಯುಆರ್‌ಎಲ್ಲನ್ನು ತರುವ ಸೌಲಭ್ಯ, ಅಂದರೆ ಚಿತ್ರದ ಆಮದು, ವೆಬ್‌ಹುಕ್, ಪಿಡಿಎಫ್ ತಯಾರಿಕೆ ಮುಂತಾದುದು ಅದರಲ್ಲಿದ್ದರೆ, ಹೊರಗಿನವರು ಅದರ ಬಾಯಿಂದಲೇ 127.0.0.1ರ ಕನ್ಸೋಲನ್ನು ಕೇಳಿಸಬಹುದು. ಆ ವಿನಂತಿ ಪ್ರಾಕ್ಸಿಯ ಮುಖವನ್ನೇ ನೋಡುವುದಿಲ್ಲ. ಕನ್ಸೋಲ್‌ಗೆ ತನ್ನದೇ ಲಾಗಿನ್ ಉಳಿದಿರಬೇಕು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು. ಪ್ರಾಕ್ಸಿಯಲ್ಲಿ ತಡೆ ಹಾಕಿದ್ದೇವೆಂದು ಅಪ್ಲಿಕೇಶನ್ನಿನ ಪಾಸ್‌ವರ್ಡ್ ತೆಗೆದುಹಾಕುವುದನ್ನು ಯಾವ ಸಂದರ್ಭದಲ್ಲೂ ಒಪ್ಪಬಾರದು.

ಹಂತ 3: ಕನ್ಸೋಲ್‌ಗೆ ಪ್ರತ್ಯೇಕ ಹೋಸ್ಟ್ ಹೆಸರು

ಸಾರ್ವಜನಿಕ ಸೈಟಿನ ಒಳಗೊಂದು ಪಾತ್ (ವಿಳಾಸದಲ್ಲಿ ಸೈಟಿನ ಹೆಸರಿನ ನಂತರದ ಭಾಗ) ಆಗಿ ಕನ್ಸೋಲನ್ನು ಇಡಬಹುದು, ಅಥವಾ ಅದಕ್ಕೆ ಬೇರೆಯದೇ ಹೋಸ್ಟ್ ಹೆಸರು ಕೊಡಬಹುದು. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಎರಡನೆಯದನ್ನೇ ಆರಿಸಿಕೊಳ್ಳಿ. ಕ್ಲೈಂಟ್ ಸರ್ಟಿಫಿಕೇಟ್ (ಬಳಕೆದಾರರ ಯಂತ್ರ ತೋರಿಸುವ ಡಿಜಿಟಲ್ ಗುರುತುಪತ್ರ) ಕೇಳುವ ‘ಎಸ್‌ಎಸ್‌ಎಲ್_ವೆರಿಫೈ_ಕ್ಲೈಂಟ್’ ನಿರ್ದೇಶನವನ್ನು ಎಂಜಿನ್‌ಎಕ್ಸ್‌ನಲ್ಲಿ ‘ಸರ್ವರ್’ ಮಟ್ಟದಲ್ಲಿ (ಇಡೀ ಹೋಸ್ಟಿಗೆ) ಬರೆಯಬಹುದೇ ಹೊರತು ‘ಲೊಕೇಶನ್’ ಮಟ್ಟದಲ್ಲಿ (ಒಂದು ಪಾತ್‌ಗೆ) ಬರೆಯಲಾಗದು. ಕುಕೀಗಳೂ ಬೇರ್ಪಡುತ್ತವೆ: ‘__ಹೋಸ್ಟ್-’ ಎಂಬ ಪೂರ್ವಪದವಿರುವ ಕುಕೀಯನ್ನು ಬ್ರೌಸರ್ ಆ ಒಂದು ಹೋಸ್ಟಿಗಷ್ಟೇ ಕಟ್ಟಿಡುತ್ತದೆ, ಹಾಗಾಗಿ ಸಾರ್ವಜನಿಕ ಸೈಟಿನ ಸ್ಕ್ರಿಪ್ಟ್ ದೋಷವೊಂದು ಅಡ್ಮಿನ್ ಸೆಷನ್ನಿಗೆ ಸುಲಭವಾಗಿ ತಾಗುವುದಿಲ್ಲ. ಮುಂದಿನ ಹಂತದಲ್ಲಿ ಬರುವ ಪಾತ್ ಗೊಂದಲಗಳಲ್ಲಿ ಬಹುಪಾಲೂ ಇದರಿಂದ ತಪ್ಪುತ್ತವೆ. ಆದರೆ ಸಾರ್ವಜನಿಕ ಹೋಸ್ಟಿನಲ್ಲಿ ಅಡ್ಮಿನ್ ಪಾತ್‌ಗಳಿಗೆ 404 ಕೊಡುವುದನ್ನೂ ಮಾಡದಿದ್ದರೆ, ಹೊಸ ಹೆಸರು ಬಂದರೂ ಹಳೆಯ ದಾರಿ ಹಾಗೆಯೇ ಉಳಿದಿರುತ್ತದೆ.

ಇಲ್ಲೊಂದು ಸಣ್ಣ ಬಲೆ ಇದೆ. ಯಾವ ಸರ್ವರ್ ಬ್ಲಾಕಿಗೂ ಹೊಂದದ ಹೋಸ್ಟ್ ಹೆಸರಿನೊಂದಿಗೆ ವಿನಂತಿ ಬಂದಾಗ ಎಂಜಿನ್‌ಎಕ್ಸ್ ಅದನ್ನು ಆ ಪೋರ್ಟಿನ ಡೀಫಾಲ್ಟ್ ಬ್ಲಾಕಿಗೆ ಕೊಡುತ್ತದೆ. ಡೀಫಾಲ್ಟ್ ಎಂದು ಯಾವುದನ್ನೂ ಗುರುತಿಸಿರದಿದ್ದರೆ ಮೊದಲು ಓದಿದ ಬ್ಲಾಕೇ ಡೀಫಾಲ್ಟ್ ಆಗುತ್ತದೆ. ಕಾನ್ಫಿಗರೇಶನ್ ಫೈಲುಗಳನ್ನು ಇಂಗ್ಲಿಷ್ ಅಕ್ಷರಕ್ರಮದಲ್ಲಿ ಓದುವುದರಿಂದ, ‘ಅಡ್ಮಿನ್’ ಎಂದು ಹೆಸರಿಟ್ಟ ಫೈಲು ಬಹುತೇಕ ಎಲ್ಲಕ್ಕಿಂತ ಮೊದಲು ಬರುತ್ತದೆ. ಪರಿಣಾಮವಾಗಿ, ಸರ್ವರ್‌ನ ಐಪಿ ವಿಳಾಸವನ್ನು ಬ್ರೌಸರ್‌ನಲ್ಲಿ ಹಾಗೆಯೇ ಒತ್ತಿದವರಿಗೂ ಅಡ್ಮಿನ್ ಲಾಗಿನ್ ಪುಟ ಕಾಣಿಸುತ್ತದೆ. ಪರಿಹಾರ ಸರಳ: ‘ಡೀಫಾಲ್ಟ್_ಸರ್ವರ್’ ಎಂದು ಸ್ಪಷ್ಟವಾಗಿ ಗುರುತಿಸಿದ ಬ್ಲಾಕೊಂದನ್ನು ಬರೆದು, ಅದರಲ್ಲಿ 444 ಹಿಂತಿರುಗಿಸಿ ಸಂಪರ್ಕವನ್ನು ಕಡಿದುಹಾಕಿ, 1.19.4ರಿಂದ ಲಭ್ಯವಿರುವ ‘ಎಸ್‌ಎಸ್‌ಎಲ್_ರಿಜೆಕ್ಟ್_ಹ್ಯಾಂಡ್‌ಶೇಕ್’ ಬಳಸಿದರೆ ಟಿಎಲ್‌ಎಸ್ (ಎಚ್‌ಟಿಟಿಪಿಎಸ್‌ನ ಗೂಢಲಿಪಿ ಪದರ) ಮಾತುಕತೆಯೇ ಮುಂದುವರಿಯುವುದಿಲ್ಲ.

ಹೋಸ್ಟ್ ಹೆಸರು ಗುಟ್ಟಾಗಿರುತ್ತದೆ ಎಂದು ಮಾತ್ರ ನಂಬಬೇಡಿ. ಸಾರ್ವಜನಿಕ ಪ್ರಾಧಿಕಾರವೊಂದು ಸರ್ಟಿಫಿಕೇಟ್ ಕೊಟ್ಟಾಗ ಅದರಲ್ಲಿರುವ ಹೆಸರು ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಲಾಗ್‌ಗಳಲ್ಲಿ ದಾಖಲಾಗುತ್ತದೆ, ಆ ಲಾಗ್‌ಗಳನ್ನು ಯಾರು ಬೇಕಾದರೂ ಓದಬಹುದು. ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ಅಥವಾ ಸಂಸ್ಥೆಯ ಒಳಗಿನ ಪ್ರಾಧಿಕಾರದ ಸರ್ಟಿಫಿಕೇಟ್ ಬಳಸಿದರೆ ಗದ್ದಲ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ.

ಹಂತ 4: ಪಾತ್ ಆಧಾರದ ತಡೆ ಅನಿವಾರ್ಯವಾದಾಗ

ಕೆಲವು ಅಪ್ಲಿಕೇಶನ್‌ಗಳು ಕನ್ಸೋಲನ್ನು ಬೇರ್ಪಡಿಸಲು ಬಿಡುವುದೇ ಇಲ್ಲ. ಆಗ ‘ಲೊಕೇಶನ್’ ಬ್ಲಾಕಿನಲ್ಲಿ ‘ಡಿನೈ ಆಲ್’ ಎಂದು ಬರೆಯುವುದೇ ಗತಿ, ತೊಡಕುಗಳು ಆರಂಭವಾಗುವುದೂ ಅಲ್ಲಿಂದಲೇ.

ಮೊದಲನೆಯದು ಎಂಜಿನ್‌ಎಕ್ಸ್‌ನೊಳಗಿನ ತೊಡಕು. ‘/ಅಡ್ಮಿನ್/’ ಎಂಬ ಲೊಕೇಶನ್‌ಗೆ ತಡೆ ಹಾಕಿದ್ದೀರಿ. ಬೇರೆಡೆ, ಪಿಎಚ್‌ಪಿ ಎಂದು ಕೊನೆಗೊಳ್ಳುವ ಎಲ್ಲ ಪಾತ್‌ಗಳಿಗೆಂದು ರೆಜೆಕ್ಸ್ (ಅಕ್ಷರಗಳ ನಮೂನೆ ಹೊಂದಿಸುವ) ಲೊಕೇಶನ್ ಒಂದಿದೆ. ಅಡ್ಮಿನ್ ಡೈರೆಕ್ಟರಿಯೊಳಗಿನ ಇಂಡೆಕ್ಸ್ ಪಿಎಚ್‌ಪಿ ಫೈಲನ್ನು ಕೇಳಿದಾಗ ಗೆಲ್ಲುವುದು ರೆಜೆಕ್ಸ್. ಒಂದು ವಿನಂತಿಗೆ ಒಂದೇ ಲೊಕೇಶನ್ ಅನ್ವಯವಾಗುವುದರಿಂದ ನಿಮ್ಮ ತಡೆ ಲೆಕ್ಕಕ್ಕೇ ಬರುವುದಿಲ್ಲ. ಪೂರ್ವಪದದ ಮುಂದೆ ‘^~’ ಗುರುತು ಹಾಕಿದರೆ ರೆಜೆಕ್ಸ್ ಹುಡುಕಾಟ ನಿಲ್ಲುತ್ತದೆ. ಪಿಎಚ್‌ಪಿ ನಡೆಸುವ ಬ್ಲಾಕನ್ನು ಆಗ ಅದರೊಳಗೇ ಮತ್ತೊಮ್ಮೆ ಬರೆಯಬೇಕು, ಇಲ್ಲವಾದರೆ ಫೈಲಿನ ಕೋಡೇ ಹೊರಗೆ ಹೋದೀತು.

ಎರಡನೆಯದು ಇದಕ್ಕಿಂತ ಆಳವಾದದ್ದು. ಲೊಕೇಶನ್ ಹೊಂದಿಸುವಾಗ ಎಂಜಿನ್‌ಎಕ್ಸ್ ಪಾತ್‌ನಲ್ಲಿರುವ ಶೇಕಡಾ ಸಂಕೇತಗಳನ್ನು (ಅಕ್ಷರದ ಬದಲು ‘%’ ಹಾಕಿ ಬರೆದ ರೂಪಗಳನ್ನು) ಬಿಡಿಸಿ, ಚುಕ್ಕಿಗಳನ್ನು ಪರಿಹರಿಸಿ, ಜೋಡಿ ಸ್ಲ್ಯಾಶ್‌ಗಳನ್ನು ಒಂದಾಗಿಸಿ ನೋಡುತ್ತದೆ. ಆದರೆ ‘ಪ್ರಾಕ್ಸಿ_ಪಾಸ್’ನಲ್ಲಿ ಪಾತ್ ಬರೆದಿರದಿದ್ದರೆ, ಹಿಂದಕ್ಕೆ ಕಳಿಸುವುದು ಗ್ರಾಹಕ ಕಳಿಸಿದ ಮೂಲ ರೂಪವನ್ನೇ. ಅಂದರೆ ತಪಾಸಣೆ ಒಂದು ರೂಪದ ಮೇಲೆ ನಡೆಯುತ್ತದೆ, ರವಾನೆಯಾಗುವುದು ಇನ್ನೊಂದು ರೂಪ. ಹಿಂದಿನ ಅಪ್ಲಿಕೇಶನ್ ಅದನ್ನು ತನ್ನದೇ ಕ್ರಮದಲ್ಲಿ ಮತ್ತೆ ಬಿಡಿಸುತ್ತದೆ. ಅಕ್ಷರಗಳ ಗಾತ್ರವೂ ಇಲ್ಲಿ ಮುಖ್ಯ: ಎಕ್ಸ್‌ಪ್ರೆಸ್ ಚೌಕಟ್ಟಿನ ರೂಟರ್ ಡೀಫಾಲ್ಟ್ ಆಗಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದ ಮಾಡುವುದಿಲ್ಲ, ಲಿನಕ್ಸ್ ಮೇಲಿನ ಎಂಜಿನ್‌ಎಕ್ಸ್‌ನ ಪೂರ್ವಪದ ಲೊಕೇಶನ್ ಮಾಡುತ್ತದೆ. ಸಣ್ಣಕ್ಷರದಲ್ಲಿ ತಡೆ ಬರೆದಿರುವವರ ಅಡ್ಮಿನ್ ಪುಟ ದೊಡ್ಡಕ್ಷರದಲ್ಲಿ ಕೇಳಿದವರಿಗೆ ತೆರೆದುಕೊಳ್ಳುತ್ತದೆ.

ಟಾಮ್‌ಕ್ಯಾಟ್‌ನದು ಇದೇ ವರ್ಗದ ಪ್ರಸಿದ್ಧ ಉದಾಹರಣೆ. ಪಾತ್‌ನ ಒಂದು ತುಂಡಿನಲ್ಲಿ ಅರ್ಧವಿರಾಮ ಬಂದರೆ, ಅದರ ಮುಂದಿನದು ನಿಯತಾಂಕ ಎಂದು ಟಾಮ್‌ಕ್ಯಾಟ್ ತಿಳಿದು ಅದನ್ನು ಕಿತ್ತುಹಾಕುತ್ತದೆ. ಎಂಜಿನ್‌ಎಕ್ಸ್‌ಗೆ ಅದು ಹೆಸರಿನ ಭಾಗ. ಈಗ ‘/ಆ್ಯಪ್/..;/ಮ್ಯಾನೇಜರ್/’ ಎಂಬ ವಿನಂತಿಯನ್ನು ಗಮನಿಸಿ. ಪ್ರಾಕ್ಸಿಯ ಕಣ್ಣಿಗೆ ‘..;’ ಎಂಬುದು ವಿಚಿತ್ರ ಹೆಸರಿನ ಡೈರೆಕ್ಟರಿ, ಇಡೀ ವಿಳಾಸ ‘/ಆ್ಯಪ್/’ನ ಒಳಗೇ ಇದೆ, ಆದ್ದರಿಂದ ಬಿಡಬಹುದು. ಟಾಮ್‌ಕ್ಯಾಟ್ ಅರ್ಧವಿರಾಮವನ್ನು ತೆಗೆದಾಗ ಉಳಿಯುವುದು ಎರಡು ಚುಕ್ಕಿ, ಅಂದರೆ ಒಂದು ಮೆಟ್ಟಿಲು ಮೇಲಕ್ಕೆ; ವಿನಂತಿ ನೇರವಾಗಿ ಮ್ಯಾನೇಜರ್‌ಗೆ ಹೋಗಿ ನಿಲ್ಲುತ್ತದೆ. 2020ರ ಜುಲೈನಲ್ಲಿ ಎಫ್5 ಬಿಗ್-ಐಪಿ ಸಾಧನಗಳ ಆಡಳಿತ ಪುಟದಲ್ಲಿ ಬಹಿರಂಗವಾದ ಸಿವಿಇ-2020-5902 ದೋಷದ ತಿರುಳೂ ಇದೇ: ಮುಂದೆ ಅಪಾಚೆ, ಹಿಂದೆ ಟಾಮ್‌ಕ್ಯಾಟ್, ನಡುವೆ ‘..;’.

ಆದ್ದರಿಂದ ಪಾತ್ ತಡೆ ಬರೆಯುವಾಗ ದಿಕ್ಕನ್ನೇ ತಿರುಗಿಸಿ. ಮುಚ್ಚಬೇಕಾದುದನ್ನು ಪಟ್ಟಿ ಮಾಡುವ ಬದಲು, ಸಾರ್ವಜನಿಕವಾಗಿ ಬೇಕಾದ ಪಾತ್‌ಗಳನ್ನು ಮಾತ್ರ ತೆರೆದು ಉಳಿದುದಕ್ಕೆಲ್ಲ 404 ಕೊಡಿ. ಮೂಲ ವಿನಂತಿಯಲ್ಲಿ ಅರ್ಧವಿರಾಮ, ಅದರ ಸಂಕೇತ ರೂಪವಾದ 3ಬಿ, ಸಂಕೇತದಲ್ಲಿ ಅಡಗಿದ ಸ್ಲ್ಯಾಶ್ ಮತ್ತು ಚುಕ್ಕಿ ಕಂಡರೆ 400 ಹಿಂತಿರುಗಿಸಿ. ಯುಆರ್‌ಎಲ್ಲಿನಲ್ಲಿ ಸೆಷನ್ ಗುರುತು ಹಾಕುವ ಹಳೆಯ ಜಾವಾ ಅಪ್ಲಿಕೇಶನ್‌ಗಳಿಗೆ ಅರ್ಧವಿರಾಮದ ನಿಷೇಧ ತೊಡಕಾಗಬಹುದು; ಅವುಗಳನ್ನು ಕುಕೀ ಸೆಷನ್ನಿಗೆ ಬದಲಿಸುವುದೇ ಲೇಸು.

ಹಂತ 5: ಬಂದವರು ಯಾರು ಎಂಬ ಮಾಹಿತಿ

ಅನೇಕ ಕನ್ಸೋಲ್‌ಗಳಲ್ಲಿ ‘ಲೋಕಲ್‌ಹೋಸ್ಟ್‌ನಿಂದ ಬಂದವರನ್ನು ಮಾತ್ರ ಬಿಡು’ ಎಂಬ ಡೀಫಾಲ್ಟ್ ರಕ್ಷಣೆ ಇರುತ್ತದೆ. ಟಾಮ್‌ಕ್ಯಾಟ್ ಮ್ಯಾನೇಜರ್‌ನ ಕಾಂಟೆಕ್ಸ್ಟ್ ಫೈಲಿನಲ್ಲಿರುವ ವಿಳಾಸ ತಪಾಸಣೆಯ ವಾಲ್ವ್ (ವಿನಂತಿಗಳನ್ನು ಸೋಸುವ ಘಟಕ) 127ರಿಂದ ಆರಂಭವಾಗುವ ವಿಳಾಸಗಳನ್ನೂ ::1 ಅನ್ನೂ ಮಾತ್ರ ಒಪ್ಪುತ್ತದೆ. ರ‍್ಯಾಬಿಟ್‌ಎಂಕ್ಯೂ ತನ್ನ ‘ಗೆಸ್ಟ್’ ಖಾತೆಗೆ ಇದೇ ಮಿತಿ ಹಾಕಿದೆ. ಪ್ರಾಕ್ಸಿಯನ್ನು ಅದೇ ಯಂತ್ರದಲ್ಲಿ ನಿಲ್ಲಿಸಿದ ಕ್ಷಣ ಈ ರಕ್ಷಣೆ ಆವಿಯಾಗುತ್ತದೆ, ಏಕೆಂದರೆ ಅಪ್ಲಿಕೇಶನ್ನಿನ ಪಾಲಿಗೆ ಪ್ರತಿಯೊಂದು ವಿನಂತಿಯೂ ಪ್ರಾಕ್ಸಿಯಿಂದ, ಅಂದರೆ 127.0.0.1ರಿಂದ ಬಂದದ್ದು. ಮನೆಯ ಕೀಲಿಕೈ ಇರುವ ಆಳು ಬೀದಿಯಲ್ಲಿ ನಿಂತವರನ್ನೆಲ್ಲ ತನ್ನ ಜೊತೆಯವರೆಂದು ಒಳಗೆ ಕರೆತಂದ ಹಾಗೆ. ಭದ್ರತೆಗೆಂದು ತಂದ ಪ್ರಾಕ್ಸಿಯೇ ಮೊದಲಿದ್ದ ಭದ್ರತೆಯನ್ನು ಕಳಚುವುದು ಹೀಗೆ.

ಇದಕ್ಕೆ ಉತ್ತರವೆಂದರೆ ನಿಜವಾದ ವಿಳಾಸವನ್ನು ‘ಎಕ್ಸ್-ಫಾರ್ವರ್ಡೆಡ್-ಫಾರ್’ ಹೆಡರ್‌ನಲ್ಲಿ (ವಿನಂತಿಯ ಜೊತೆ ಹೋಗುವ ಮಾಹಿತಿ ಸಾಲಿನಲ್ಲಿ) ಕಳಿಸಿ, ಅದನ್ನು ಅಪ್ಲಿಕೇಶನ್ ಓದುವಂತೆ ಮಾಡುವುದು. ಟಾಮ್‌ಕ್ಯಾಟ್‌ನಲ್ಲಿ ರಿಮೋಟ್‌ಐಪಿ ವಾಲ್ವ್ ಈ ಕೆಲಸ ಮಾಡುತ್ತದೆ. ಆದರೆ ಆ ಹೆಡರನ್ನು ಯಾರು ಬೇಕಾದರೂ ಕಳಿಸಬಹುದು. ಎಲ್ಲ ಕಡೆ ನಕಲಾಗುತ್ತಿರುವ ಮಾದರಿ ಕಾನ್ಫಿಗರೇಶನ್‌ಗಳಲ್ಲಿ ಕಾಣುವ ‘ಪ್ರಾಕ್ಸಿ_ಆ್ಯಡ್_ಎಕ್ಸ್_ಫಾರ್ವರ್ಡೆಡ್_ಫಾರ್’ ಎಂಬ ಚರವು ಗ್ರಾಹಕ ಕಳಿಸಿದ ಮೌಲ್ಯವನ್ನು ಹಾಗೆಯೇ ಉಳಿಸಿಕೊಂಡು, ನಿಜವಾದ ವಿಳಾಸವನ್ನು ಕೊನೆಗೆ ಸೇರಿಸುತ್ತದೆ. ಅಪ್ಲಿಕೇಶನ್ ಪಟ್ಟಿಯ ಎಡತುದಿಯ ವಿಳಾಸವನ್ನು ನಂಬುವಂಥದ್ದಾದರೆ, ಹೆಡರ್‌ನಲ್ಲಿ 127.0.0.1 ಎಂದು ಬರೆದು ಕಳಿಸಿದವರು ಮನೆಯವರಾಗುತ್ತಾರೆ. ಇಂಟರ್‌ನೆಟ್‌ಗೆ ನೇರವಾಗಿ ಮುಖ ಮಾಡಿರುವ ಪ್ರಾಕ್ಸಿ ಈ ಹೆಡರನ್ನು ‘ರಿಮೋಟ್_ಅಡ್ರ್’ ಚರದ ಮೌಲ್ಯದಿಂದ ಪೂರ್ತಿಯಾಗಿ ಬದಲಿಸಬೇಕು. ಅದರ ಮುಂದೆ ಇನ್ನೊಂದು ಲೋಡ್ ಬ್ಯಾಲೆನ್ಸರ್ ಇದ್ದರೆ, ‘ಸೆಟ್_ರಿಯಲ್_ಐಪಿ_ಫ್ರಮ್’ನಲ್ಲಿ ಆ ಬ್ಯಾಲೆನ್ಸರ್‌ನ ವಿಳಾಸಗಳನ್ನು ಮಾತ್ರ ಬರೆಯಿರಿ. ಅಲ್ಲಿ 0.0.0.0/0 ಎಂದು ಬರೆದರೆ ಎಲ್ಲರ ಮಾತನ್ನೂ ನಂಬಿದಂತೆ.

ಹೆಡರ್‌ಗಳ ವಿಷಯದಲ್ಲಿ ಎಂಜಿನ್‌ಎಕ್ಸ್‌ನ ಆನುವಂಶಿಕತೆಯ ನಿಯಮವನ್ನು ಹತ್ತಿರದಿಂದ ನೋಡಬೇಕು. ಸರ್ವರ್ ಮಟ್ಟದಲ್ಲಿ ನಾಲ್ಕು ‘ಪ್ರಾಕ್ಸಿ_ಸೆಟ್_ಹೆಡರ್’ ಸಾಲುಗಳಿವೆ ಎಂದುಕೊಳ್ಳಿ: ಹೋಸ್ಟ್, ನಿಜವಾದ ವಿಳಾಸ, ಪ್ರೋಟೋ, ಮತ್ತು ಲಾಗಿನ್ ಆದವರ ಹೆಸರನ್ನು ಅಪ್ಲಿಕೇಶನ್ನಿಗೆ ತಿಳಿಸುವ ‘ಎಕ್ಸ್-ರಿಮೋಟ್-ಯೂಸರ್’ ಹೆಡರ್ ಹೊರಗಿನಿಂದ ಬಂದರೆ ಅದನ್ನು ಖಾಲಿ ಮೌಲ್ಯ ಕೊಟ್ಟು ಅಳಿಸುವ ಸಾಲು. ಕೆಲವು ತಿಂಗಳ ನಂತರ ವೆಬ್‌ಸಾಕೆಟ್ ಬೇಕೆಂದು ಯಾರೋ ಒಂದು ಲೊಕೇಶನ್‌ನೊಳಗೆ ‘ಅಪ್‌ಗ್ರೇಡ್’ ಹೆಡರ್‌ಗೆ ಅದೇ ನಿರ್ದೇಶನದ ಒಂದು ಸಾಲು ಸೇರಿಸುತ್ತಾರೆ. ಆ ಲೊಕೇಶನ್‌ನಲ್ಲಿ ಮೇಲಿನ ನಾಲ್ಕೂ ಸಾಲುಗಳು ಆ ಕ್ಷಣವೇ ಅನ್ವಯವಾಗುವುದು ನಿಲ್ಲುತ್ತದೆ. ಕೆಳಮಟ್ಟದಲ್ಲಿ ಒಂದಿದ್ದರೂ ಮೇಲ್ಮಟ್ಟದವು ಇಳಿದು ಬರುವುದಿಲ್ಲ. ವೆಬ್‌ಸಾಕೆಟ್ ಓಡುತ್ತದೆ, ಎರರ್ ಲಾಗ್‌ನಲ್ಲಿ ಏನೂ ಕಾಣುವುದಿಲ್ಲ, ಹೊರಗಿನವರು ಕಳಿಸಿದ ‘ಎಕ್ಸ್-ರಿಮೋಟ್-ಯೂಸರ್’ ಮಾತ್ರ ನೇರವಾಗಿ ಅಪ್ಲಿಕೇಶನ್ ತಲುಪತೊಡಗುತ್ತದೆ. ಎಲ್ಲ ಹೆಡರ್ ಸಾಲುಗಳನ್ನೂ ಒಂದು ಫೈಲಿನಲ್ಲಿಟ್ಟು, ಪ್ರತಿ ಲೊಕೇಶನ್‌ನಲ್ಲೂ ‘ಇನ್‌ಕ್ಲೂಡ್’ ಮಾಡುವ ಶಿಸ್ತು ಬೇಸರದ್ದಾದರೂ ಸುರಕ್ಷಿತ. ‘ಆ್ಯಡ್_ಹೆಡರ್’ಗೂ ಇದೇ ನಿಯಮ ಅನ್ವಯಿಸುತ್ತದೆ.

ಹಂತ 6: ಜಾಲದ ಮಟ್ಟದ ಮಿತಿ

‘ಅಲೋ’ ಮತ್ತು ‘ಡಿನೈ’ ಸಾಲುಗಳಿಂದ ಕಚೇರಿಯ ಅಥವಾ ವಿಪಿಎನ್‌ನ ವಿಳಾಸಗಳಿಗೆ ಮಾತ್ರ ಪ್ರವೇಶ ಕೊಡಿ. ಸಾಲುಗಳನ್ನು ಬರೆದ ಕ್ರಮದಲ್ಲೇ ಪರೀಕ್ಷಿಸಲಾಗುತ್ತದೆ, ಮೊದಲು ಹೊಂದಿದ್ದೇ ಜಾರಿಯಾಗುತ್ತದೆ. ಕೊನೆಯ ಸಾಲು ‘ಡಿನೈ ಆಲ್’ ಆಗಿರಲಿ. ಇದರ ಜೊತೆಗೆ ಪಾಸ್‌ವರ್ಡ್ ಕೂಡ ಇದ್ದರೆ ‘ಸ್ಯಾಟಿಸ್ಫೈ’ ನಿರ್ದೇಶನವನ್ನು ನೋಡಿಕೊಳ್ಳಿ: ಡೀಫಾಲ್ಟ್ ಆದ ‘ಆಲ್’ ಎರಡನ್ನೂ ಕೇಳುತ್ತದೆ, ‘ಎನಿ’ ಎಂದಿದ್ದರೆ ಒಂದಿದ್ದರೂ ಸಾಕು.

ಕನ್ಸೋಲ್ ಬಳಸುವವರು ಬೆರಳೆಣಿಕೆಯಷ್ಟೇ ಜನವಾಗಿದ್ದರೆ ಅದನ್ನು ಇಂಟರ್‌ನೆಟ್‌ನಿಂದ ಪೂರ್ತಿ ತೆಗೆದು, ವೈರ್‌ಗಾರ್ಡ್ ಎಂಬ ವಿಪಿಎನ್ ಜಾಲದ ವಿಳಾಸದಲ್ಲಿ ಮಾತ್ರ ಪ್ರಾಕ್ಸಿ ಕೇಳುವಂತೆ ಮಾಡುವುದು ನನ್ನ ದೃಷ್ಟಿಯಲ್ಲಿ ಅತ್ಯುತ್ತಮ. 2020ರ ಮಾರ್ಚ್‌ನಲ್ಲಿ ಬಂದ 5.6ನೇ ಆವೃತ್ತಿಯಿಂದ ವೈರ್‌ಗಾರ್ಡ್ ಲಿನಕ್ಸ್ ಕರ್ನೆಲ್‌ನ ಭಾಗವೇ ಆಗಿದೆ.

ಹಂತ 7: ಪ್ರಾಕ್ಸಿಯಲ್ಲೇ ಗುರುತಿನ ತಪಾಸಣೆ

ಬ್ರೌಸರ್ ತಾನೇ ಹೆಸರು, ಪಾಸ್‌ವರ್ಡ್ ಕೇಳುವ ಬೇಸಿಕ್ ಆಥ್ ಏನೂ ಇಲ್ಲದಿರುವುದಕ್ಕಿಂತ ಮೇಲು, ಆದರೆ ಅದರಲ್ಲಿ ಲಾಗ್‌ಔಟ್ ಇಲ್ಲ, ಪಾಸ್‌ವರ್ಡ್ ಜೊತೆಗೆ ಕೇಳುವ ಎರಡನೇ ಅಂಶದ ತಪಾಸಣೆ ಇಲ್ಲ, ಒಂದೇ ಪಾಸ್‌ವರ್ಡನ್ನು ಹತ್ತು ಜನ ಹಂಚಿಕೊಳ್ಳುವ ಪ್ರವೃತ್ತಿ ಮಾತ್ರ ಇದೆ. ತಾತ್ಕಾಲಿಕ ತಡೆಯಾಗಿ ಮಾತ್ರ ಬಳಸಿ.

ಕ್ಲೈಂಟ್ ಸರ್ಟಿಫಿಕೇಟ್ ಬಲವಾದ ಮಾರ್ಗ. ಇದಕ್ಕಾಗಿ ನಿಮ್ಮದೇ ಪುಟ್ಟ ಪ್ರಾಧಿಕಾರವನ್ನು ಸ್ಥಾಪಿಸಿ. ಪ್ರಾಕ್ಸಿ ನಂಬುವ ಪ್ರಾಧಿಕಾರ ಸಹಿ ಮಾಡಿದ ಪ್ರತಿಯೊಂದು ಸರ್ಟಿಫಿಕೇಟಿಗೂ ಬಾಗಿಲು ತೆರೆಯುವುದರಿಂದ, ಬೇರೆ ಕೆಲಸಕ್ಕೂ ಬಳಕೆಯಾಗುವ ಪ್ರಾಧಿಕಾರವನ್ನು ಇಲ್ಲಿ ಸೂಚಿಸಬಾರದು. ಲ್ಯಾಪ್‌ಟಾಪ್ ಕಳೆದಾಗ ರದ್ದತಿ ಪಟ್ಟಿಯನ್ನು ‘ಎಸ್‌ಎಸ್‌ಎಲ್_ಸಿಆರ್‌ಎಲ್’ ಮೂಲಕ ಜಾರಿಗೊಳಿಸುವ ವಿಧಾನವನ್ನು ಮೊದಲೇ ಸಿದ್ಧಮಾಡಿಕೊಳ್ಳಿ. ಒಂದೇ ಐಪಿ ಮತ್ತು ಪೋರ್ಟನ್ನು ಹಲವು ಸರ್ವರ್ ಬ್ಲಾಕ್‌ಗಳು ಹಂಚಿಕೊಂಡಾಗ, ಟಿಎಲ್‌ಎಸ್ ಸೆಷನ್ನಿನ ಮರುಬಳಕೆಯಿಂದ ಈ ತಪಾಸಣೆಯನ್ನು ದಾಟಲು ಸಾಧ್ಯವಾಗಿಸಿದ್ದ ಸಿವಿಇ-2025-23419 ದೋಷವನ್ನು ಎಂಜಿನ್‌ಎಕ್ಸ್ 2025ರ ಫೆಬ್ರವರಿಯಲ್ಲಿ, 1.26.3 ಮತ್ತು 1.27.4 ಆವೃತ್ತಿಗಳಲ್ಲಿ ಸರಿಪಡಿಸಿತು. ಕನ್ಸೋಲ್‌ಗೆ ಬೇರೆ ಐಪಿಯನ್ನೋ ಬೇರೆ ಪೋರ್ಟನ್ನೋ ಕೊಟ್ಟರೆ ಇಂಥ ಹಂಚಿಕೆಯ ಪ್ರಶ್ನೆಯೇ ಏಳುವುದಿಲ್ಲ.

ತಂಡ ದೊಡ್ಡದಾಗಿದ್ದರೆ ‘ಆಥ್_ರಿಕ್ವೆಸ್ಟ್’ ಮೂಲಕ ಓಆಥ್2-ಪ್ರಾಕ್ಸಿ ಅಥವಾ ಆಥೀಲಿಯಾದಂಥ ಸೇವೆಯನ್ನು ಜೋಡಿಸಿ. ಪ್ರತಿ ವಿನಂತಿಗೂ ಪ್ರಾಕ್ಸಿ ಆ ಸೇವೆಯನ್ನು ಕೇಳುತ್ತದೆ: 200ರ ಸಾಲಿನ ಉತ್ತರ ಬಂದರೆ ಬಿಡುತ್ತದೆ, 401 ಅಥವಾ 403 ಬಂದರೆ ತಡೆಯುತ್ತದೆ, ಬೇರೆ ಯಾವ ಉತ್ತರವಾದರೂ ದೋಷವೆಂದು ಪರಿಗಣಿಸುತ್ತದೆ. ಹಾಗಾಗಿ ಗುರುತಿನ ಸೇವೆ ಬಿದ್ದುಹೋದರೆ ಬಾಗಿಲು ಮುಚ್ಚಿಕೊಳ್ಳುತ್ತದೆ, ತೆರೆದುಕೊಳ್ಳುವುದಿಲ್ಲ. ಎರಡನೇ ಅಂಶವಾಗಿ ವೆಬ್‌ಆಥ್ನ್ ಕೀಲಿಗಳನ್ನು ಬಳಸಿ. ಆರಂಕಿಯ ಸಂಕೇತವನ್ನು ನಕಲಿ ಪುಟದಲ್ಲಿ ಬರೆಸಿಕೊಳ್ಳಬಹುದು. ಕೀಲಿ ಮಾತ್ರ ತನ್ನ ಸೈಟಿನ ಹೆಸರಿಗೆ ಬದ್ಧವಾಗಿರುತ್ತದೆ.

ಗುರುತು ಖಚಿತವಾದ ಮೇಲೆ ಬಳಕೆದಾರರ ಹೆಸರನ್ನು ಪ್ರಾಕ್ಸಿ ಒಂದು ಹೆಡರ್‌ನಲ್ಲಿ ಹಿಂದಕ್ಕೆ ಕಳಿಸುತ್ತದೆ. ಹೊರಗಿನಿಂದ ಬಂದ ಅದೇ ಹೆಸರಿನ ಹೆಡರ್ ಉಳಿಯಬಾರದು ಎಂಬುದನ್ನು ಮೇಲೆ ನೋಡಿದೆವು. ಅದಕ್ಕೊಂದು ಉಪಕಥೆಯೂ ಇದೆ. ಪೈಥಾನ್ ಅಪ್ಲಿಕೇಶನ್‌ಗಳನ್ನು ಸರ್ವರ್‌ಗೆ ಜೋಡಿಸುವ ಡಬ್ಲ್ಯೂಎಸ್‌ಜಿಐ ಪರಿಸರದಲ್ಲಿ ಹೆಡರ್ ಹೆಸರಿನ ಅಡ್ಡಗೆರೆ ಅಂಡರ್‌ಸ್ಕೋರ್ ಆಗಿ ಬದಲಾಗುವುದರಿಂದ, ಅಂಡರ್‌ಸ್ಕೋರ್ ಹಾಕಿಯೇ ಬರೆದು ಕಳಿಸಿದ ಕಳ್ಳ ಹೆಡರ್ ಕೂಡ ಅದೇ ಹೆಸರು ಪಡೆಯುತ್ತದೆ. 2015ರ ಜನವರಿಯಲ್ಲಿ ಪೈಥಾನ್ ಚೌಕಟ್ಟಾದ ಜ್ಯಾಂಗೊ ಸಿವಿಇ-2015-0219 ಎಂದು ಸರಿಪಡಿಸಿದ್ದು ಇದನ್ನೇ. ಎಂಜಿನ್‌ಎಕ್ಸ್ ಡೀಫಾಲ್ಟ್ ಆಗಿ ಅಂಡರ್‌ಸ್ಕೋರ್ ಇರುವ ಹೆಡರ್‌ಗಳನ್ನು ಬಿಸಾಡುತ್ತದೆ. ‘ಅಂಡರ್‌ಸ್ಕೋರ್ಸ್_ಇನ್_ಹೆಡರ್ಸ್’ ಅನ್ನು ಯಾರೂ ‘ಆನ್’ ಮಾಡಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಹಂತ 8: ಸೆಷನ್, ವೇಗಮಿತಿ, ಲಾಗ್

ಟಿಎಲ್‌ಎಸ್ ಪ್ರಾಕ್ಸಿಯಲ್ಲೇ ಮುಗಿಯುವುದರಿಂದ ಹಿಂದಿನ ಅಪ್ಲಿಕೇಶನ್ ತಾನು ಬರಿಯ ಎಚ್‌ಟಿಟಿಪಿಯಲ್ಲಿದ್ದೇನೆ ಎಂದು ತಿಳಿದು, ಕೆಲವೊಮ್ಮೆ ‘ಸೆಕ್ಯೂರ್’ ಗುರುತಿಲ್ಲದ ಕುಕೀ ಕೊಡುತ್ತದೆ. ‘ಎಕ್ಸ್-ಫಾರ್ವರ್ಡೆಡ್-ಪ್ರೋಟೋ’ವನ್ನು ಪ್ರಾಕ್ಸಿಯೇ ಬರೆದು ಕಳಿಸಲಿ, ಅಪ್ಲಿಕೇಶನ್ ಅದನ್ನು ಓದುವಂತೆ ಹೊಂದಿಸಿ. ಜ್ಯಾಂಗೊ 4.0ರಿಂದ ಸಿಎಸ್‌ಆರ್‌ಎಫ್ (ಬೇರೆ ಸೈಟು ಬಳಕೆದಾರರ ಹೆಸರಿನಲ್ಲಿ ಕಳಿಸುವ ಕಳ್ಳ ವಿನಂತಿ) ತಪಾಸಣೆಯ ನಂಬಿಕೆಯ ಪಟ್ಟಿಯಲ್ಲಿ ಎಚ್‌ಟಿಟಿಪಿಎಸ್ ಸಹಿತ ಪೂರ್ಣ ಮೂಲವನ್ನು ಬರೆಯಬೇಕು. ಲಾಗಿನ್ ವಿಫಲವಾಯಿತೆಂದು ಸಿಟ್ಟಿನಲ್ಲಿ ಸಿಎಸ್‌ಆರ್‌ಎಫ್ ತಪಾಸಣೆಯನ್ನೇ ತೆಗೆದುಹಾಕುವ ಸಲಹೆಗಳಿಗೆ ಕಿವಿಗೊಡಬೇಡಿ.

ಲಾಗಿನ್ ವಿಳಾಸಕ್ಕೆ ‘ಲಿಮಿಟ್_ರೆಕ್’ ಹಾಕಿ. ಒಂದು ವಿಳಾಸದಿಂದ ನಿಮಿಷಕ್ಕೆ 5 ವಿನಂತಿ, ಜೊತೆಗೆ ಸ್ವಲ್ಪ ‘ಬರ್ಸ್ಟ್’ (ಒಮ್ಮೆಲೇ ಬರುವ ಹೆಚ್ಚುವರಿ ವಿನಂತಿಗಳಿಗೆ ಅವಕಾಶ) ಎಂಬುದು ಮನುಷ್ಯರಿಗೆ ಸಾಕು. 64 ಬಿಟ್ ಯಂತ್ರದಲ್ಲಿ ಒಂದು ಮೆಗಾಬೈಟ್ ವಲಯದಲ್ಲಿ ಸುಮಾರು 8,000 ವಿಳಾಸಗಳ ಸ್ಥಿತಿ ಹಿಡಿಯುತ್ತದೆ. ಮಿತಿ ಮೀರಿದವರಿಗೆ ಡೀಫಾಲ್ಟ್ ಆಗಿ ಹೋಗುವ 503ನ್ನು 429ಕ್ಕೆ ಬದಲಿಸಿದರೆ, ಸರ್ವರ್ ನಿಜವಾಗಿ ಸೋತದ್ದು ಯಾವಾಗ, ತಡೆದದ್ದು ಯಾವಾಗ ಎಂದು ಲಾಗ್‌ನಲ್ಲಿ ಬೇರ್ಪಡಿಸಬಹುದು. ಹಂತ 5 ಸರಿಯಾಗಿರದಿದ್ದರೆ ಈ ಮಿತಿ ಎಲ್ಲರನ್ನೂ ಒಂದೇ ವಿಳಾಸವೆಂದು ಎಣಿಸಿ, ದಾಳಿಕೋರನ ಜೊತೆ ನಿಮ್ಮನ್ನೂ ಹೊರಗಿಡುತ್ತದೆ. ಕನ್ಸೋಲ್‌ನ ಲಾಗನ್ನು ಪ್ರತ್ಯೇಕ ಫೈಲಿಗೆ ಬರೆಯಿರಿ, ಅದರಲ್ಲಿ ಬಳಕೆದಾರರ ಗುರುತೂ ಇರಲಿ, ಅದರ ಒಂದು ಪ್ರತಿ ಬೇರೆ ಯಂತ್ರಕ್ಕೆ ಹೋಗಲಿ.

ಹಂತ 9: ಹೊರಗಿನಿಂದ ಪರೀಕ್ಷೆ

ಎಂಜಿನ್‌ಎಕ್ಸ್‌ನ ಸಣ್ಣಕ್ಷರದ ‘-ಟಿ’ ಪರೀಕ್ಷೆ ವ್ಯಾಕರಣವನ್ನು ನೋಡುತ್ತದೆಯೇ ಹೊರತು ಬಾಗಿಲು ಮುಚ್ಚಿದೆಯೇ ಎಂದು ನೋಡುವುದಿಲ್ಲ. ಅದಕ್ಕೆ ಅನುಮತಿಯಿಲ್ಲದ ಜಾಲವೊಂದರಿಂದ, ಆದೇಶಸಾಲಿನಲ್ಲಿ ವೆಬ್ ವಿನಂತಿ ಕಳಿಸುವ ಕರ್ಲ್ ಓಡಿಸಬೇಕು. ಕರ್ಲ್ ತಾನಾಗಿಯೇ ಪಾತ್‌ನ ಎರಡು ಚುಕ್ಕಿಗಳನ್ನು ಕಳಿಸುವ ಮುನ್ನವೇ ಪರಿಹರಿಸಿಬಿಡುತ್ತದೆ. ಆದ್ದರಿಂದ ‘--ಪಾತ್-ಆ್ಯಸ್-ಈಸ್’ ಆಯ್ಕೆ ಇಲ್ಲದೆ ಮಾಡಿದ ಪರೀಕ್ಷೆ ಸುಳ್ಳು ಸಮಾಧಾನ ಕೊಡುತ್ತದೆ. ಅಡ್ಮಿನ್ ಹೋಸ್ಟ್ ಹೆಸರನ್ನು ಸಾರ್ವಜನಿಕ ಐಪಿಗೆ ಜೋಡಿಸಿ ಕೇಳಲು ‘--ರಿಸಾಲ್ವ್’ ಬಳಸಿ. ಈ ವಿನಂತಿಗಳನ್ನು ಒಂದೊಂದಾಗಿ ಕಳಿಸಿ: ಬರಿಯ ಐಪಿ ವಿಳಾಸಕ್ಕೆ, ಅಪ್ಲಿಕೇಶನ್ನಿನ ಮೂಲ ಪೋರ್ಟಿಗೆ, ಐಪಿವಿ4 ಮತ್ತು ಐಪಿವಿ6 ಎರಡರಲ್ಲೂ, ಅಡ್ಮಿನ್ ಪಾತ್‌ಗೆ ಕೊನೆಯ ಸ್ಲ್ಯಾಶ್ ಇದ್ದು, ಇಲ್ಲದೆ, ದೊಡ್ಡಕ್ಷರದಲ್ಲಿ, ಸಂಕೇತ ರೂಪದಲ್ಲಿ, ‘..;’ ಸೇರಿಸಿ; ‘ಎಕ್ಸ್-ಫಾರ್ವರ್ಡೆಡ್-ಫಾರ್’ನಲ್ಲಿ 127.0.0.1 ಬರೆದು; ‘ಎಕ್ಸ್-ರಿಮೋಟ್-ಯೂಸರ್’ನಲ್ಲಿ ಅಡ್ಮಿನ್ ಹೆಸರು ಬರೆದು. ಒಂದರಲ್ಲಾದರೂ ಕನ್ಸೋಲ್‌ನ ಪುಟವೋ ಲಾಗಿನ್ ಫಾರ್ಮೋ ಬಂದರೆ ಮೇಲಿನ ಯಾವುದೋ ಹಂತ ಬಾಕಿಯಿದೆ.

ಈ ವಿನಂತಿಗಳನ್ನು ಒಂದು ಸ್ಕ್ರಿಪ್ಟ್ ಆಗಿ ಬರೆದಿಟ್ಟು, ಪ್ರಾಕ್ಸಿಯ ಕಾನ್ಫಿಗರೇಶನ್ ಬದಲಾದಾಗಲೆಲ್ಲ ತಾನಾಗಿಯೇ ಓಡುವಂತೆ ಮಾಡಿ. ಗುರುತಿನ ಸೇವೆ ಕೆಟ್ಟುಹೋದ ದಿನಕ್ಕೆಂದು ಎಸ್‌ಎಸ್‌ಎಚ್ ಸುರಂಗದ ಮೂಲಕ ಲೂಪ್‌ಬ್ಯಾಕ್‌ಗೆ ಹೋಗುವ ತುರ್ತು ದಾರಿಯನ್ನೂ ಬರೆದಿಡಬೇಕು. ಆ ದಾರಿಯಲ್ಲಿ ಪ್ರಾಕ್ಸಿಯ ಯಾವ ತಪಾಸಣೆಯೂ ಇರುವುದಿಲ್ಲವಾದ್ದರಿಂದ, ಅದನ್ನು ಬಳಸುವ ಖಾತೆಗಳು ಯಾವುವು, ಪ್ರತಿ ಬಳಕೆಯ ಎಚ್ಚರಿಕೆ ಯಾರಿಗೆ ತಲುಪಬೇಕು ಎಂಬುದೂ ಅದೇ ಕಡತದಲ್ಲಿರಲಿ.